ಅಂತರ್ಜಾಲದ ಆಟಗಳ ಮಳಿಗೆಗಳಲ್ಲಿ ರೂಪಾಯಿ ದರ, ಪಾವತಿ ವಿಧಾನ ಮತ್ತು ದೂರು ಸಲ್ಲಿಕೆ: ಗ್ರಾಹಕರಿಗೆ ಮಾಹಿತಿ

ಗಣಕಯಂತ್ರ ಹಾಗೂ ಮೊಬೈಲ್ ದೂರವಾಣಿಗಳಲ್ಲಿ ಆಡುವ ಆಟಗಳನ್ನು ಇಂದು ಬಹುಪಾಲು ಗ್ರಾಹಕರು ಅಂತರ್ಜಾಲದ ಮಳಿಗೆಗಳಿಂದಲೇ ಪಡೆಯುತ್ತಾರೆ. ಈ ಮಳಿಗೆಗಳಲ್ಲಿ ದೊಡ್ಡವು ವಿದೇಶಿ ಸಂಸ್ಥೆಗಳಿಗೆ ಸೇರಿವೆ. ಒಂದೇ ಆಟಕ್ಕೆ ದೇಶದಿಂದ ದೇಶಕ್ಕೆ ಬೇರೆ ಬೇರೆ ಬೆಲೆ ಇರುತ್ತದೆ. ಕೆಲವು ಕಡೆ ಬೆಲೆಯನ್ನು ರೂಪಾಯಿಯಲ್ಲಿಯೂ ಮತ್ತೆ ಕೆಲವು ಕಡೆ ಡಾಲರಿನಲ್ಲಿಯೂ ತೋರಿಸಲಾಗುತ್ತದೆ. ಕಡಬ ತಾಲ್ಲೂಕಿನ ನೆಲ್ಯಾಡಿ ಮತ್ತು ಸುತ್ತಲಿನ ಗ್ರಾಮಗಳ ಗ್ರಾಹಕರು ಇಂತಹ ಖರೀದಿಗೆ ಮುನ್ನ ತಿಳಿದಿರಬೇಕಾದ ಸಂಗತಿಗಳನ್ನು, ಹಣ ಕಳೆದುಕೊಂಡ ಸಂದರ್ಭದಲ್ಲಿ ಯಾವ ಪ್ರಾಧಿಕಾರಕ್ಕೆ ಯಾವ ಅವಧಿಯೊಳಗೆ ದೂರು ಸಲ್ಲಿಸಬೇಕೆಂಬ ವಿವರವನ್ನು ಇಲ್ಲಿ ನೀಡಲಾಗಿದೆ. ಇಲ್ಲಿರುವ ವಿವರಗಳು ಜಿಲ್ಲೆಯ ಇತರ ಭಾಗಗಳ ಗ್ರಾಹಕರಿಗೂ ಸಮಾನವಾಗಿ ಅನ್ವಯಿಸುತ್ತವೆ.

ಪ್ರಾದೇಶಿಕ ದರ ಎಂದರೇನು

ಅಂಗಡಿಯಲ್ಲಿ ಪೆಟ್ಟಿಗೆಯ ಸಹಿತ ಮಾರುವ ಆಟದ ತಟ್ಟೆಯ ಮೇಲೆ ಗರಿಷ್ಠ ಮಾರಾಟ ಬೆಲೆಯನ್ನು ಮುದ್ರಿಸಿರಬೇಕು. ಅಂತರ್ಜಾಲದ ಮೂಲಕ ಇಳಿಸಿಕೊಳ್ಳುವ ಆಟಕ್ಕೆ ಅಂತಹ ಮುದ್ರಿತ ಬೆಲೆ ಇರುವುದಿಲ್ಲ. ಆಟವನ್ನು ಪ್ರಕಟಿಸಿದ ಸಂಸ್ಥೆಯೇ ಪ್ರತಿ ದೇಶಕ್ಕೂ ಬೆಲೆ ನಿಗದಿಪಡಿಸುತ್ತದೆ, ಮಳಿಗೆಯು ಅದನ್ನು ಪ್ರದರ್ಶಿಸಿ ತನ್ನ ಪಾಲನ್ನು ಇಟ್ಟುಕೊಳ್ಳುತ್ತದೆ. ವಿನಿಮಯ ದರದ ಜೊತೆಗೆ ಆ ದೇಶದ ಜನರ ಖರೀದಿ ಸಾಮರ್ಥ್ಯವನ್ನೂ ಪರಿಗಣಿಸಿ ಬೆಲೆ ಗೊತ್ತುಮಾಡುವುದನ್ನು ಪ್ರಾದೇಶಿಕ ದರ ಎನ್ನುತ್ತಾರೆ. ಆದ್ದರಿಂದ ಅಮೆರಿಕದಲ್ಲಿ 20 ಡಾಲರು ಇರುವ ಆಟಕ್ಕೆ ಭಾರತದಲ್ಲಿ ಅದರ ನೇರ ಸಮಾನ ಮೊತ್ತಕ್ಕಿಂತ ಕಡಿಮೆ ಬೆಲೆ ಇರಬಹುದು. ಇರಲೇಬೇಕೆಂಬ ನಿಯಮವೇನೂ ಇಲ್ಲ.

ಆಪಲ್ ಸಂಸ್ಥೆಯ ಆಪ್ ಸ್ಟೋರ್ 2012ರಲ್ಲಿ ಭಾರತದ ಗ್ರಾಹಕರಿಗೆ ರೂಪಾಯಿ ದರವನ್ನು ಜಾರಿಗೆ ತಂದಿತು. ಗಣಕಯಂತ್ರದ ಆಟಗಳ ದೊಡ್ಡ ಮಳಿಗೆಯಾದ ಸ್ಟೀಮ್‌ನಲ್ಲಿ 2015ರ ನವೆಂಬರ್‌ವರೆಗೆ ಭಾರತೀಯರಿಗೂ ಡಾಲರಿನಲ್ಲಿಯೇ ಬೆಲೆ ಕಾಣುತ್ತಿತ್ತು. ಆ ತಿಂಗಳಿನಿಂದ ರೂಪಾಯಿ ದರ ಆರಂಭವಾಯಿತು. ಅದೇ ವರ್ಷ ಗೂಗಲ್ ಪ್ಲೇ ಮಳಿಗೆಯು ಭಾರತದಲ್ಲಿ ಕನಿಷ್ಠ ಬೆಲೆಯನ್ನು 50 ರೂಪಾಯಿಯಿಂದ 10 ರೂಪಾಯಿಗೆ ಇಳಿಸಿತು. ಹತ್ತು ರೂಪಾಯಿಯ ಖರೀದಿ ಎಂದಾಕ್ಷಣ ಅದು ಸಣ್ಣ ವ್ಯವಹಾರವೆಂದು ತೋರಬಹುದು. ಆದರೆ ಆಟದೊಳಗೆ ಮತ್ತೆ ಮತ್ತೆ ಹತ್ತು, ಐವತ್ತು, ನೂರು ಎಂದು ಪಾವತಿಸುತ್ತ ಹೋಗುವ ಪದ್ಧತಿಗೆ ದಾರಿ ಸುಗಮವಾದುದು ಇಂತಹ ಕಡಿಮೆ ದರಗಳಿಂದಲೇ.

ರೂಪಾಯಿ ದರವು ದಿನದಿನದ ವಿನಿಮಯ ದರದಂತೆ ಏರಿಳಿಯುವುದಿಲ್ಲ. ಪ್ರಕಾಶಕರು ಬದಲಿಸುವವರೆಗೆ ಅದು ಹಾಗೆಯೇ ಉಳಿಯುತ್ತದೆ. ಸ್ಟೀಮ್ 2022ರ ಅಕ್ಟೋಬರಿನಲ್ಲಿ ಪ್ರಕಾಶಕರಿಗೆ ನೀಡುವ ಶಿಫಾರಸು ದರಗಳನ್ನು ಎಲ್ಲ ಪ್ರದೇಶಗಳಿಗೂ ಪರಿಷ್ಕರಿಸಿತು. ಆ ಪಟ್ಟಿಯು ಸಲಹೆ ಮಾತ್ರವಾಗಿದ್ದು, ಅದನ್ನು ಅನುಸರಿಸುವುದು ಬಿಡುವುದು ಪ್ರಕಾಶಕರಿಗೆ ಸೇರಿದ್ದು. ಒಂದು ದೇಶಕ್ಕೆ ಕೊಟ್ಟ ಸ್ಥಳೀಯ ನಾಣ್ಯದ ಸೌಲಭ್ಯವನ್ನು ಹಿಂಪಡೆದ ಉದಾಹರಣೆಯೂ ಇದೆ: ಹಣದುಬ್ಬರ ಮತ್ತು ವಿನಿಮಯ ದರದ ಅಸ್ಥಿರತೆಯ ಕಾರಣ 2023ರ ನವೆಂಬರ್ 20ರಿಂದ ಅರ್ಜೆಂಟೀನಾ ಮತ್ತು ಟರ್ಕಿ ದೇಶಗಳ ಗ್ರಾಹಕರು ಸ್ಟೀಮ್‌ನಲ್ಲಿ ಡಾಲರಿನಲ್ಲಿ ಪಾವತಿಸಬೇಕಾಯಿತು.

ಬೆಲೆ ಡಾಲರಿನಲ್ಲಿದ್ದರೆ ತಗಲುವ ನಿಜವಾದ ವೆಚ್ಚ

ಡಾಲರಿನಲ್ಲಿ ಬೆಲೆ ತೋರಿಸುವ ಮಳಿಗೆಯಿಂದ ಖರೀದಿಸುವಾಗ ಪರದೆಯ ಮೇಲೆ ಕಾಣುವ ಮೊತ್ತವೇ ಅಂತಿಮವಲ್ಲ. ಉದಾಹರಣೆಯ ಅನುಕೂಲಕ್ಕಾಗಿ ಒಂದು ಡಾಲರಿಗೆ 85 ರೂಪಾಯಿ ಎಂದು ಇಟ್ಟುಕೊಂಡರೆ, 20 ಡಾಲರಿನ ಆಟಕ್ಕೆ 1,700 ರೂಪಾಯಿ ಆಗುತ್ತದೆ. ಮಳಿಗೆಯು ತೆರಿಗೆಯನ್ನು ಪ್ರತ್ಯೇಕವಾಗಿ ಸೇರಿಸುವುದಾದರೆ ಶೇ. 18ರಂತೆ 306 ರೂಪಾಯಿ ಕೂಡಿ 2,006 ರೂಪಾಯಿ ಆಗುತ್ತದೆ. ಕಾರ್ಡ್ ನೀಡಿದ ಬ್ಯಾಂಕು ವಿದೇಶಿ ನಾಣ್ಯದ ವ್ಯವಹಾರಕ್ಕೆ ಹೆಚ್ಚುವರಿ ಶುಲ್ಕ ವಿಧಿಸುತ್ತದೆ. ಅದು ಶೇ. 3.5 ಇದ್ದರೆ 70 ರೂಪಾಯಿ 21 ಪೈಸೆ, ಆ ಶುಲ್ಕದ ಮೇಲೆ ಮತ್ತೆ ಶೇ. 18ರ ತೆರಿಗೆ 12 ರೂಪಾಯಿ 64 ಪೈಸೆ. ಹೀಗೆ ಗ್ರಾಹಕರ ಖಾತೆಯಿಂದ ಕಡಿತವಾಗುವುದು 2,088 ರೂಪಾಯಿ 85 ಪೈಸೆ. ಬ್ಯಾಂಕಿನಿಂದ ಬ್ಯಾಂಕಿಗೆ ಈ ಶುಲ್ಕ ಬೇರೆಯಾಗಿರುವುದರಿಂದ ತಮ್ಮ ಕಾರ್ಡಿನ ಶುಲ್ಕ ಪಟ್ಟಿಯನ್ನು ಮೊದಲೇ ನೋಡಿಕೊಳ್ಳುವುದು ಸೂಕ್ತ.

ಇಂತಹ ಖರೀದಿಯನ್ನು ರದ್ದುಪಡಿಸಿ ಹಣ ಹಿಂತಿರುಗಿದಾಗ ಅದು ಅಂದಿನ ವಿನಿಮಯ ದರದಲ್ಲಿ ಬರುತ್ತದೆ. ಪಾವತಿಸಿದ್ದಕ್ಕಿಂತ ಕೆಲವು ರೂಪಾಯಿ ಕಡಿಮೆ ಬರುವುದುಂಟು. ರೂಪಾಯಿ ದರವಿರುವ ಮಳಿಗೆಯಲ್ಲಿ ಈ ತೊಡಕು ಇರುವುದಿಲ್ಲ.

ಇನ್ನೊಂದು ಅಡಚಣೆಯೂ ಇದೆ. ಭಾರತೀಯ ರಿಸರ್ವ್ ಬ್ಯಾಂಕಿನ ಆದೇಶದಂತೆ 2020ರ ಮಾರ್ಚ್ 16ರಿಂದ ಹೊಸದಾಗಿ ನೀಡುವ ಅಥವಾ ಬದಲಿಸಿ ನೀಡುವ ಕಾರ್ಡುಗಳು ಆರಂಭದಲ್ಲಿ ದೇಶದೊಳಗಿನ ಎಟಿಎಂ ಮತ್ತು ಅಂಗಡಿಗಳಲ್ಲಿ ಮಾತ್ರ ನಡೆಯುತ್ತವೆ. ಅಂತರ್ಜಾಲದ ಖರೀದಿ ಹಾಗೂ ವಿದೇಶಿ ವ್ಯವಹಾರ ಬೇಕಿದ್ದಲ್ಲಿ ಕಾರ್ಡುದಾರರೇ ಬ್ಯಾಂಕಿನ ಮೊಬೈಲ್ ತಂತ್ರಾಂಶ ಅಥವಾ ಶಾಖೆಯ ಮೂಲಕ ಆ ಸೌಲಭ್ಯವನ್ನು ತೆರೆಯಿಸಿಕೊಳ್ಳಬೇಕು. ‘ಕಾರ್ಡ್ ತಿರಸ್ಕೃತವಾಗಿದೆ’ ಎಂಬ ಸಂದೇಶಕ್ಕೆ ಇದು ಕಾರಣವಾಗಿರಬಹುದು. ಒಂದು ಖರೀದಿಗಾಗಿ ವಿದೇಶಿ ವ್ಯವಹಾರವನ್ನು ತೆರೆದವರು ಅದು ಮುಗಿದ ಕೂಡಲೇ ಮುಚ್ಚಿಡುವುದು ಲೇಸು.

ತೆರಿಗೆ

ವಿದೇಶದಲ್ಲಿರುವ ಸಂಸ್ಥೆಯು ಭಾರತದ ಸಾಮಾನ್ಯ ಗ್ರಾಹಕರಿಗೆ ಅಂತರ್ಜಾಲದ ಮೂಲಕ ನೀಡುವ ಇಂತಹ ಸೇವೆಗಳಿಗೆ 2016ರ ಡಿಸೆಂಬರ್ 1ರಿಂದ ಸೇವಾ ತೆರಿಗೆಯೂ, 2017ರ ಜುಲೈ 1ರಿಂದ ಸಮಗ್ರ ಸರಕು ಮತ್ತು ಸೇವಾ ತೆರಿಗೆಯೂ ಅನ್ವಯವಾಗಿವೆ. ತೆರಿಗೆಯನ್ನು ಸರ್ಕಾರಕ್ಕೆ ಕಟ್ಟುವ ಹೊಣೆ ಮಾರಾಟ ಮಾಡುವ ಸಂಸ್ಥೆಯದು. ಗ್ರಾಹಕರು ಪ್ರತ್ಯೇಕವಾಗಿ ಯಾವ ನಮೂನೆಯನ್ನೂ ಸಲ್ಲಿಸಬೇಕಾಗಿಲ್ಲ.

ಗ್ರಾಹಕರು ಭಾರತದಲ್ಲಿದ್ದಾರೆಯೇ ಎಂಬುದನ್ನು ನಿರ್ಧರಿಸಲು ಸಮಗ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯು ಏಳು ಗುರುತುಗಳನ್ನು ಹೇಳಿದೆ. ಗ್ರಾಹಕರು ನೀಡಿದ ವಿಳಾಸ, ಕಾರ್ಡ್ ನೀಡಿದ ದೇಶ, ಬಿಲ್ಲಿನ ವಿಳಾಸ, ಗಣಕಯಂತ್ರದ ಅಂತರ್ಜಾಲ ವಿಳಾಸ, ಬ್ಯಾಂಕ್ ಖಾತೆ ಇರುವ ದೇಶ, ಸಿಮ್ ಕಾರ್ಡಿನ ದೇಶ ಸಂಕೇತ, ಸ್ಥಿರ ದೂರವಾಣಿ ಇರುವ ಸ್ಥಳ ಇವುಗಳಲ್ಲಿ ಪರಸ್ಪರ ವಿರೋಧವಿಲ್ಲದ ಯಾವುದೇ ಎರಡು ಭಾರತವನ್ನು ಸೂಚಿಸಿದರೆ ಸಾಕು. ದರ ನಿಗದಿಗೆ ಮಳಿಗೆಗಳು ನೋಡುವುದೂ ಹೆಚ್ಚುಕಡಿಮೆ ಇಂತಹ ಗುರುತುಗಳನ್ನೇ. ಈ ಸಂಗತಿ ಮುಂದಿನ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ.

ಕೊಲ್ಲಿ ರಾಷ್ಟ್ರಗಳಿಂದ ತಂದ ದೂರವಾಣಿ ಮತ್ತು ಖಾತೆ

ದಕ್ಷಿಣ ಕನ್ನಡ ಜಿಲ್ಲೆಯ ಬಹಳ ಕುಟುಂಬಗಳಂತೆ ನೆಲ್ಯಾಡಿ ಪ್ರದೇಶದ ಕುಟುಂಬಗಳಲ್ಲಿಯೂ ಕೊಲ್ಲಿ ರಾಷ್ಟ್ರಗಳಲ್ಲಿ ಉದ್ಯೋಗದಲ್ಲಿರುವವರಿದ್ದಾರೆ. ರಜೆಯಲ್ಲಿ ಊರಿಗೆ ಬರುವಾಗ ತಂದು ಮನೆಯ ಮಕ್ಕಳಿಗೆ ಕೊಟ್ಟ ದೂರವಾಣಿಯಲ್ಲಿ ಮಳಿಗೆಯ ಖಾತೆಯು ದುಬೈ, ದೋಹಾ ಅಥವಾ ರಿಯಾದಿನಲ್ಲಿ ತೆರೆದದ್ದಾಗಿರುತ್ತದೆ. ಅದರಲ್ಲಿ ಬೆಲೆಗಳು ದಿರ್ಹಂ ಅಥವಾ ರಿಯಾಲಿನಲ್ಲಿ ಕಾಣುತ್ತವೆ. ಭಾರತದ ಸಿಮ್ ಹಾಕಿದ ಮಾತ್ರಕ್ಕೆ ಅದು ರೂಪಾಯಿಗೆ ಬದಲಾಗುವುದಿಲ್ಲ. ಖಾತೆಗೆ ಅಲ್ಲಿನ ಕಾರ್ಡ್ ಜೋಡಿಸಿದ್ದರೆ, ಇಲ್ಲಿ ಮಗು ಮಾಡಿದ ಖರೀದಿಯ ಹಣ ಅಲ್ಲಿರುವ ತಂದೆಯ ಕಾರ್ಡಿನಿಂದ ಹೋಗುತ್ತದೆ. ಕೊಲ್ಲಿಯ ಬ್ಯಾಂಕು ನೀಡಿದ ಕಾರ್ಡಿಗೆ ಭಾರತದ ರಿಸರ್ವ್ ಬ್ಯಾಂಕಿನ ರಕ್ಷಣಾ ನಿಯಮಗಳು ಅನ್ವಯಿಸುವುದಿಲ್ಲವಾದ್ದರಿಂದ ದೂರನ್ನು ಆ ದೇಶದ ಬ್ಯಾಂಕಿಗೇ ಕೊಡಬೇಕಾಗುತ್ತದೆ.

ದೇಶವನ್ನು ಬದಲಿಸಲು ಪ್ರತಿ ಮಳಿಗೆಗೂ ತನ್ನದೇ ನಿಯಮವಿದೆ. ಗೂಗಲ್ ಪ್ಲೇ ವರ್ಷಕ್ಕೆ ಒಂದೇ ಬಾರಿ ದೇಶ ಬದಲಾವಣೆಗೆ ಅವಕಾಶ ಕೊಡುತ್ತದೆ. ಬದಲಿಸುವವರು ಭಾರತದಲ್ಲಿಯೇ ಇದ್ದು ಇಲ್ಲಿನ ಪಾವತಿ ವಿಧಾನವನ್ನು ಸೇರಿಸಬೇಕು, ಹಳೆಯ ದೇಶದ ಖಾತೆಯಲ್ಲಿ ಉಳಿದ ಹಣವನ್ನು ಹೊಸ ದೇಶದಲ್ಲಿ ಬಳಸಲಾಗುವುದಿಲ್ಲ. ಆಪಲ್‌ನಲ್ಲಿ ಉಳಿಕೆ ಹಣವನ್ನು ಮೊದಲು ಖರ್ಚು ಮಾಡಿ, ನಡೆಯುತ್ತಿರುವ ಚಂದಾಗಳನ್ನು ರದ್ದುಗೊಳಿಸಿದ ಮೇಲೆ ಮಾತ್ರ ದೇಶ ಬದಲಿಸಬಹುದು. ಸ್ಟೀಮ್‌ನಲ್ಲಿ ಮೂರು ತಿಂಗಳಿಗೆ ಒಂದು ಸಲಕ್ಕಿಂತ ಹೆಚ್ಚು ಬದಲಾವಣೆಗೆ ಅವಕಾಶವಿಲ್ಲ, ಮತ್ತು ಹೊಸ ದೇಶದ ಪಾವತಿ ವಿಧಾನದಿಂದ ಒಂದು ಖರೀದಿ ಪೂರ್ಣಗೊಂಡ ನಂತರವೇ ಅದು ಜಾರಿಗೆ ಬರುತ್ತದೆ.

ಇದರ ಜೊತೆಗೆ ಉಡುಗೊರೆ ಕಾರ್ಡುಗಳ ವಿಷಯ. ಗೂಗಲ್ ಪ್ಲೇ ಮತ್ತು ಆಪಲ್ ಉಡುಗೊರೆ ಕಾರ್ಡುಗಳು ಯಾವ ದೇಶದಲ್ಲಿ ಮಾರಾಟವಾದವೋ ಆ ದೇಶದ ಖಾತೆಗಳಲ್ಲಿ ಮಾತ್ರ ನಡೆಯುತ್ತವೆ. ಕೊಲ್ಲಿಯಲ್ಲಿರುವ ಸಂಬಂಧಿಕರು ಪ್ರೀತಿಯಿಂದ ಕೊಂಡು ಸಂಖ್ಯೆ ಕಳುಹಿಸಿದರೂ ಇಲ್ಲಿನ ರೂಪಾಯಿ ಖಾತೆಗೆ ಅದು ಜಮೆಯಾಗುವುದಿಲ್ಲ. ಅವರು ಊರಿನ ಮಕ್ಕಳಿಗೆ ಏನಾದರೂ ಕೊಡಿಸಬೇಕೆಂದಿದ್ದರೆ ಮನೆಯವರ ಖಾತೆಗೆ ಹಣ ಕಳುಹಿಸಿ, ಇಲ್ಲಿಯೇ ರೂಪಾಯಿಯ ಕಾರ್ಡ್ ಖರೀದಿಸುವುದು ಸರಳ ದಾರಿ.

ಇದಕ್ಕೆ ವಿರುದ್ಧವಾದ ಪರಿಪಾಠವೂ ಇದೆ. ಬೇರೆ ದೇಶದಲ್ಲಿ ಅಗ್ಗವೆಂದು ತಿಳಿದು, ತಾವು ಆ ದೇಶದಲ್ಲಿರುವಂತೆ ತೋರಿಸುವ ತಂತ್ರಾಂಶ ಬಳಸಿ ಖರೀದಿಸುವುದು ಮಳಿಗೆಗಳ ಷರತ್ತುಗಳ ಉಲ್ಲಂಘನೆ. ಅದರಿಂದ ಖಾತೆ ಸ್ಥಗಿತಗೊಂಡರೆ ಅದುವರೆಗೆ ಖರೀದಿಸಿದ ಎಲ್ಲ ಆಟಗಳೂ ಕೈತಪ್ಪುವ ಸಂಭವವಿದೆ. ತಪ್ಪು ವಿಳಾಸ ನೀಡಿದ ಗ್ರಾಹಕರ ದೂರಿಗೆ ಗ್ರಾಹಕರ ಆಯೋಗದಲ್ಲಿಯೂ ಬಲವಿರುವುದಿಲ್ಲ.

ಪಾವತಿ ವಿಧಾನಗಳು

ರೂಪಾಯಿ ದರವಿರುವ ಮಳಿಗೆಗಳಲ್ಲಿ ಸಾಮಾನ್ಯವಾಗಿ ಯುಪಿಐ, ಬ್ಯಾಂಕಿನ ಅಂತರ್ಜಾಲ ಸೇವೆ, ಕಾರ್ಡ್ ಹಾಗೂ ಉಡುಗೊರೆ ಕಾರ್ಡುಗಳ ಮೂಲಕ ಪಾವತಿಸಬಹುದು. ಯಾವುದನ್ನು ಸ್ವೀಕರಿಸಲಾಗುತ್ತದೆ ಎಂಬುದು ಮಳಿಗೆಯನ್ನು ಅವಲಂಬಿಸಿದೆ. ಉದಾಹರಣೆಗೆ, ಆಪಲ್ ಸಂಸ್ಥೆಯು 2022ರ ಜೂನ್ 1ರಿಂದ ಭಾರತದ ಖಾತೆಗಳಲ್ಲಿ ಡೆಬಿಟ್ ಮತ್ತು ಕ್ರೆಡಿಟ್ ಕಾರ್ಡುಗಳ ಸ್ವೀಕಾರವನ್ನು ನಿಲ್ಲಿಸಿ ಯುಪಿಐ, ಬ್ಯಾಂಕಿನ ಅಂತರ್ಜಾಲ ಸೇವೆ ಮತ್ತು ಖಾತೆಯ ಉಳಿಕೆ ಹಣಕ್ಕೆ ಪಾವತಿಯನ್ನು ಸೀಮಿತಗೊಳಿಸಿತು.

ಈ ನಿರ್ಧಾರದ ಹಿಂದೆ ಮರುಕಳಿಸುವ ಪಾವತಿಗಳ ನಿಯಮವಿತ್ತು. ಪ್ರತಿ ತಿಂಗಳು ತಾನಾಗಿ ಕಡಿತವಾಗುವ ಚಂದಾ ಹಣಕ್ಕೆ 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ಹೊಸ ವ್ಯವಸ್ಥೆ ಪೂರ್ಣವಾಗಿ ಜಾರಿಯಲ್ಲಿದೆ. ಅದರಂತೆ ಗ್ರಾಹಕರು ಮೊದಲು ಒಮ್ಮೆ ಒಪ್ಪಿಗೆಯನ್ನು ದೃಢೀಕರಿಸಬೇಕು; ಪ್ರತಿ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಬ್ಯಾಂಕು ಸೂಚನೆ ಕಳುಹಿಸಬೇಕು; ಆ ಸೂಚನೆಯಲ್ಲಿಯೇ ಪಾವತಿಯನ್ನು ನಿರಾಕರಿಸುವ ಅವಕಾಶವಿರಬೇಕು. ಆಟಗಳ ಚಂದಾದಂತಹ ಪಾವತಿಗಳಲ್ಲಿ 15,000 ರೂಪಾಯಿ ಮೀರಿದ ಪ್ರತಿ ಕಡಿತಕ್ಕೂ ಮತ್ತೆ ದೃಢೀಕರಣ ಬೇಕು. ಈ ಮಿತಿ 2022ರ ಜೂನ್‌ವರೆಗೆ 5,000 ರೂಪಾಯಿ ಇತ್ತು. ‘ಮೊದಲ ತಿಂಗಳು ಉಚಿತ’ ಎಂದು ಆರಂಭವಾಗುವ ಚಂದಾಗಳಲ್ಲಿ ಈ 24 ಗಂಟೆಯ ಸೂಚನೆಯನ್ನು ಓದದೆ ಅಳಿಸಿಹಾಕುವುದೇ ನಷ್ಟಕ್ಕೆ ಮೂಲ.

2022ರ ಅಕ್ಟೋಬರ್ 1ರಿಂದ ಮಳಿಗೆಗಳು ಗ್ರಾಹಕರ ಕಾರ್ಡ್ ಸಂಖ್ಯೆಯನ್ನು ತಮ್ಮಲ್ಲಿ ಇಟ್ಟುಕೊಳ್ಳುವಂತಿಲ್ಲ. ಅದರ ಬದಲಿಗೆ ಟೋಕನ್ ಎಂಬ ಬದಲಿ ಸಂಖ್ಯೆಯನ್ನು ಮಾತ್ರ ಇಡಬಹುದು. ಕಾರ್ಡಿನ ಪೂರ್ಣ ವಿವರವನ್ನು ಸಂದೇಶದ ಮೂಲಕ ಕಳುಹಿಸುವಂತೆ ಕೇಳುವ ಮಾರಾಟಗಾರರನ್ನು ನಂಬಬಾರದು.

ಮಕ್ಕಳು ಮಾಡಿದ ಖರೀದಿ

ಪೋಷಕರು ಹೆಚ್ಚು ಗಮನಿಸಬೇಕಾದ ವಿಷಯವಿದು. ಅಡಿಕೆ ಅಥವಾ ರಬ್ಬರ್ ಮಾರಿದ ಹಣ ಬಂದು ಬೀಳುವ ಬ್ಯಾಂಕ್ ಖಾತೆಗೇ ಯುಪಿಐ ಜೋಡಿಸಿ, ಅದೇ ದೂರವಾಣಿಯನ್ನು ಮಕ್ಕಳ ಕೈಗೆ ಆಟಕ್ಕೆಂದು ಕೊಡುವ ಮನೆಗಳಲ್ಲಿ ಆಟದೊಳಗಿನ ನಾಣ್ಯ, ವಜ್ರ, ಉಡುಪು ಎಂದು ಸಾವಿರಾರು ರೂಪಾಯಿ ಹೋಗುವ ಅಪಾಯವಿದೆ. ಕಡಿತದ ಸಂದೇಶ ಬರುವುದೂ ಅದೇ ದೂರವಾಣಿಗೆ; ಮಗು ಅದನ್ನು ಅಳಿಸಿದರೆ ಪಾಸ್ ಪುಸ್ತಕ ದಾಖಲು ಮಾಡಿಸುವ ದಿನದವರೆಗೂ ಸಂಗತಿ ಹೊರಬರುವುದಿಲ್ಲ.

ಭಾರತೀಯ ಕರಾರು ಕಾಯ್ದೆ, 1872ರ 11ನೇ ಪ್ರಕರಣದ ಪ್ರಕಾರ 18 ವರ್ಷ ತುಂಬದವರು ಕರಾರು ಮಾಡಿಕೊಳ್ಳಲು ಅರ್ಹರಲ್ಲ. ಅಂತಹ ಕರಾರು ಆರಂಭದಿಂದಲೇ ಅಸಿಂಧುವೆಂದು 1903ರಲ್ಲಿ ಪ್ರಿವಿ ಕೌನ್ಸಿಲ್ ತೀರ್ಪಿತ್ತಿದೆ. ಆದರೆ ಇದೊಂದನ್ನೇ ನೆಚ್ಚಿಕೊಂಡು ಕೂರುವಂತಿಲ್ಲ. ಖಾತೆಯು ಪೋಷಕರ ಹೆಸರಿನಲ್ಲಿದ್ದು, ಗುಪ್ತಸಂಖ್ಯೆಯನ್ನು ಮಗುವಿಗೆ ಪೋಷಕರೇ ತಿಳಿಸಿದ್ದಲ್ಲಿ, ಬ್ಯಾಂಕು ಅದನ್ನು ಗ್ರಾಹಕರ ನಿರ್ಲಕ್ಷ್ಯವೆಂದು ಪರಿಗಣಿಸುತ್ತದೆ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯಂತೆ ನಿರ್ಲಕ್ಷ್ಯದಿಂದಾದ ನಷ್ಟವನ್ನು ಬ್ಯಾಂಕಿಗೆ ತಿಳಿಸುವವರೆಗೆ ಗ್ರಾಹಕರೇ ಭರಿಸಬೇಕು. ಆದ್ದರಿಂದ ಮೊದಲು ಮಾಡಬೇಕಾದ ಕೆಲಸ ಮಳಿಗೆಗೆ ಹಣ ಮರಳಿಸುವಂತೆ ಕೋರಿಕೆ ಸಲ್ಲಿಸುವುದು. ಗೂಗಲ್ ಪ್ಲೇಯಲ್ಲಿ ಸಾಮಾನ್ಯ ಖರೀದಿಗೆ 48 ಗಂಟೆಯೊಳಗೆ ಕೋರಬೇಕು. ಬೇರೆಯವರು ಅನುಮತಿಯಿಲ್ಲದೆ ಮಾಡಿದ ವ್ಯವಹಾರವಾದರೆ 120 ದಿನಗಳೊಳಗೆ ವರದಿ ಮಾಡಬಹುದು. ಸ್ಟೀಮ್‌ನಲ್ಲಿ ಖರೀದಿಸಿ 14 ದಿನ ಕಳೆಯದ, ಎರಡು ಗಂಟೆಗಿಂತ ಕಡಿಮೆ ಆಡಿದ ಆಟಕ್ಕೆ ಕಾರಣ ಯಾವುದಿದ್ದರೂ ಹಣ ಮರಳಿಸುವ ವ್ಯವಸ್ಥೆ 2015ರಿಂದ ಇದೆ.

ದೂರವಾಣಿಯಲ್ಲಿ ಪ್ರತಿ ಖರೀದಿಗೂ ದೃಢೀಕರಣ ಕೇಳುವಂತೆ ಮಳಿಗೆಯ ಸಂಯೋಜನೆಯಲ್ಲಿ ಬದಲಿಸಿಡಬಹುದು. ಮಗುವಿಗೆ ಪ್ರತ್ಯೇಕ ಖಾತೆ ತೆರೆದು, ಖರೀದಿಗೆ ಪೋಷಕರ ಒಪ್ಪಿಗೆ ಬೇಕಾಗುವಂತೆ ಮಾಡುವ ಸೌಲಭ್ಯ ಗೂಗಲ್ ಮತ್ತು ಆಪಲ್ ಎರಡರಲ್ಲಿಯೂ ಇದೆ. ದೊಡ್ಡ ಮೊತ್ತವಿರುವ ಖಾತೆಯನ್ನು ಯುಪಿಐನಿಂದ ಬೇರ್ಪಡಿಸಿ, ಸಣ್ಣ ಮೊತ್ತದ ಇನ್ನೊಂದು ಖಾತೆಯನ್ನು ಜೋಡಿಸುವುದು ಇವೆಲ್ಲಕ್ಕಿಂತ ಖಚಿತವಾದ ಉಪಾಯ.

ಆಟವೇ ನಿಂತುಹೋದರೆ

ಆಟದೊಳಗಿನ ನಾಣ್ಯವನ್ನು ರೂಪಾಯಿ ಕೊಟ್ಟು ಪಡೆದಿದ್ದರೂ ಅದನ್ನು ಮರಳಿ ರೂಪಾಯಿಯಾಗಿ ಪರಿವರ್ತಿಸಲಾಗದು. ಕೇಂದ್ರ ಸರ್ಕಾರವು 2020ರ ಸೆಪ್ಟೆಂಬರ್ 2ರಂದು 118 ತಂತ್ರಾಂಶಗಳನ್ನು ನಿರ್ಬಂಧಿಸಿದಾಗ ಪಬ್‌ಜಿ ಮೊಬೈಲ್ ಅದರಲ್ಲಿ ಸೇರಿತ್ತು. 2021ರ ಜುಲೈಯಲ್ಲಿ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂಬ ಹೆಸರಿನಲ್ಲಿ ಭಾರತಕ್ಕೆಂದು ಬೇರೆ ಆಟ ಬಂದು, ಹಳೆಯ ಖಾತೆಯ ಸಾಮಗ್ರಿಗಳನ್ನು ವರ್ಗಾಯಿಸಿಕೊಳ್ಳಲು ಸೀಮಿತ ಅವಧಿಯ ಅವಕಾಶ ದೊರೆಯಿತು. ಆ ಆಟವೂ 2022ರ ಜುಲೈಯಿಂದ 2023ರ ಮೇವರೆಗೆ ಲಭ್ಯವಿರಲಿಲ್ಲ. ಹೆಚ್ಚು ಮೊತ್ತದ ನಾಣ್ಯವನ್ನು ಮುಂಗಡವಾಗಿ ಕೊಂಡಿಡುವವರು ಇದನ್ನು ನೆನಪಿಡತಕ್ಕದ್ದು.

ಹಣ ಪಣಕ್ಕಿಟ್ಟು ಗೆಲ್ಲುವ ಆಸೆಯಿಂದ ಆಡುವ ಆಟಗಳು ಈ ಪುಟದ ವ್ಯಾಪ್ತಿಗೆ ಬರುವುದಿಲ್ಲ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಯವರ ಅಂಕಿತ ಪಡೆದ ಆನ್‌ಲೈನ್ ಆಟಗಳ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯು ಅಂತಹ ಆಟಗಳನ್ನು ನಡೆಸುವುದನ್ನೂ ಅವುಗಳ ಜಾಹೀರಾತನ್ನೂ ಅವುಗಳಿಗೆ ಬ್ಯಾಂಕುಗಳು ಹಣ ರವಾನಿಸುವುದನ್ನೂ ನಿಷೇಧಿಸುತ್ತದೆ.

ದೂರು ಸಲ್ಲಿಸುವ ವಿಧಾನ

ದೂರಿನ ಸ್ವರೂಪವನ್ನು ಮೊದಲು ಗುರುತಿಸಬೇಕು. ಅಗ್ಗದ ದರಕ್ಕೆ ಆಟದ ನಾಣ್ಯ ಕೊಡಿಸುವುದಾಗಿ ಹೇಳಿ ಹಣ ಪಡೆದು ಕಣ್ಮರೆಯಾದ ಪ್ರಕರಣವು ಸೈಬರ್ ವಂಚನೆ. ಅದಕ್ಕೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಜಾಲತಾಣದಲ್ಲಿ ದಾಖಲಿಸಬೇಕು. ಹಣವು ವಂಚಕರ ಖಾತೆಯಿಂದ ಮುಂದೆ ಸಾಗುವ ಮೊದಲು ತಡೆಹಿಡಿಯಲು ಸಾಧ್ಯವಾಗುವುದು ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ. ಪೊಲೀಸ್ ಠಾಣೆಗೆ ನಾಳೆ ಹೋದರಾಯಿತು ಎಂದು ಕಾಯುವುದು ಸರಿಯಲ್ಲ.

ತಾವು ಮಾಡದ ವ್ಯವಹಾರಕ್ಕೆ ಖಾತೆಯಿಂದ ಹಣ ಹೋಗಿದ್ದಲ್ಲಿ ಬ್ಯಾಂಕಿಗೆ ತಿಳಿಸಿ ದೂರಿನ ಸಂಖ್ಯೆ ಪಡೆಯಬೇಕು. ಗ್ರಾಹಕರ ತಪ್ಪಿಲ್ಲದೆ ಹೊರಗಿನವರಿಂದಾದ ನಷ್ಟವನ್ನು ಬ್ಯಾಂಕಿನ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ವರದಿ ಮಾಡಿದರೆ ಗ್ರಾಹಕರಿಗೆ ಯಾವ ಹೊಣೆಯೂ ಇಲ್ಲವೆಂದು ಮೇಲ್ಕಂಡ 2017ರ ಸುತ್ತೋಲೆ ತಿಳಿಸಿದೆ. ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಸಮಾಧಾನಕರವಾಗಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಅವರಿಗೆ ಉಚಿತವಾಗಿ ದೂರು ಕೊಡಬಹುದು.

ಹೆಚ್ಚು ಬೆಲೆ ಕಡಿತ, ಹಣ ಮರಳಿಸದಿರುವುದು, ಆಟ ತೆರೆಯದಿರುವುದು ಮುಂತಾದವು ಮಳಿಗೆಯ ವಿರುದ್ಧದ ದೂರುಗಳು. ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು, 2020 ಭಾರತದ ಗ್ರಾಹಕರಿಗೆ ವ್ಯವಸ್ಥಿತವಾಗಿ ಮಾರಾಟ ಮಾಡುವ ವಿದೇಶಿ ಸಂಸ್ಥೆಗಳಿಗೂ ಅನ್ವಯಿಸುತ್ತವೆ. ಮಳಿಗೆಯ ಕುಂದುಕೊರತೆ ಅಧಿಕಾರಿಯು ದೂರನ್ನು 48 ಗಂಟೆಯೊಳಗೆ ಸ್ವೀಕೃತಿಗೊಳಿಸಿ ಒಂದು ತಿಂಗಳೊಳಗೆ ಪರಿಹರಿಸಬೇಕು. ಒಂದೇ ವರ್ಗದ ಗ್ರಾಹಕರ ನಡುವೆ ತಾರತಮ್ಯ ಮಾಡಬಾರದೆಂದು ಈ ನಿಯಮಗಳು ಹೇಳುತ್ತವೆಯಾದರೂ, ಭಾರತದ ದರವು ಬೇರೊಂದು ದೇಶದ ದರಕ್ಕಿಂತ ಹೆಚ್ಚಿದೆ ಎಂಬುದಷ್ಟೇ ದೂರಿಗೆ ಆಧಾರವಾಗುವುದು ಕಷ್ಟ. ಮೊದಲು ಒಂದು ಬೆಲೆ ತೋರಿಸಿ ಕೊನೆಯ ಹಂತದಲ್ಲಿ ಶುಲ್ಕ ಸೇರಿಸುವುದು, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಚಂದಾ ರದ್ದತಿಯನ್ನು ಬೇಕೆಂದೇ ಜಟಿಲಗೊಳಿಸುವುದು ಇವು 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ಹೆಸರಿಸಿದ 13 ಮೋಸದ ವಿನ್ಯಾಸಗಳಲ್ಲಿ ಸೇರಿದ್ದು, ದೂರಿಗೆ ಬಲವಾದ ಆಧಾರವಾಗುತ್ತವೆ.

ಮಳಿಗೆಯಿಂದ ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು; ಕನ್ನಡದಲ್ಲಿಯೂ ಮಾತನಾಡಬಹುದು. ಅಲ್ಲಿಯೂ ಬಗೆಹರಿಯದ ದೂರನ್ನು ಮಂಗಳೂರಿನಲ್ಲಿರುವ ದಕ್ಷಿಣ ಕನ್ನಡ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಸಲ್ಲಿಸಬಹುದು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ 34ನೇ ಪ್ರಕರಣದಂತೆ ದೂರುದಾರರು ವಾಸಿಸುವ ಸ್ಥಳದ ಆಯೋಗದಲ್ಲಿಯೇ ದೂರು ದಾಖಲಿಸಲು ಅವಕಾಶವಿದೆ. ಮಳಿಗೆಯ ಷರತ್ತುಗಳಲ್ಲಿ ವಿದೇಶದ ಮಧ್ಯಸ್ಥಿಕೆಯನ್ನು ನಮೂದಿಸಿದ್ದರೂ ಆಯೋಗದ ಅಧಿಕಾರ ಅದರಿಂದ ತಪ್ಪುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಮಧ್ಯಸ್ಥಿಕೆ ಷರತ್ತಿನ ಪ್ರಕರಣವೊಂದರಲ್ಲಿ ಎತ್ತಿಹಿಡಿದ ತತ್ತ್ವದಿಂದ ಹೇಳಬಹುದು. ಭಾರತದಲ್ಲಿ ಕಚೇರಿಯೇ ಇಲ್ಲದ ಸಂಸ್ಥೆಯ ವಿರುದ್ಧ ಆದೇಶವನ್ನು ಜಾರಿಗೊಳಿಸಲು ಮಾತ್ರ ಹೆಚ್ಚಿನ ಕಾಲ ಹಿಡಿಯಬಹುದು. ಹಣ ಪಾವತಿಸದೆ ಉಚಿತವಾಗಿ ಪಡೆದ ಆಟಕ್ಕೆ ಈ ಕಾಯ್ದೆಯಡಿ ದೂರು ನಿಲ್ಲುವುದಿಲ್ಲ.

ನೆಲ್ಯಾಡಿಯಿಂದ ಮಂಗಳೂರು ಸುಮಾರು 70 ಕಿ.ಮೀ. ದೂರದಲ್ಲಿದೆ. 500 ರೂಪಾಯಿಯ ವ್ಯಾಜ್ಯಕ್ಕೆ ಒಂದು ದಿನದ ಕೂಲಿ ಮತ್ತು ಬಸ್ಸಿನ ವೆಚ್ಚ ಮಾಡಿಕೊಂಡು ಹೋಗಬೇಕಾದ ಅಗತ್ಯವಿಲ್ಲ. 2025ರ ಜನವರಿ 1ರಿಂದ ಕಾರ್ಯನಿರ್ವಹಿಸುತ್ತಿರುವ ಇ-ಜಾಗೃತಿ ಜಾಲತಾಣದ ಮೂಲಕ ಮನೆಯಿಂದಲೇ ದೂರು ಸಲ್ಲಿಸಬಹುದು, ದೃಶ್ಯ ಸಂವಾದದ ಮೂಲಕ ವಿಚಾರಣೆಗೆ ಹಾಜರಾಗಲು ಕೋರಬಹುದು. ವಕೀಲರನ್ನು ನೇಮಿಸುವುದು ಕಡ್ಡಾಯವಲ್ಲ. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಘಟನೆ ನಡೆದ ಎರಡು ವರ್ಷಗಳೊಳಗೆ ದೂರು ದಾಖಲಾಗಬೇಕು.

ದೂರಿನೊಂದಿಗೆ ಖರೀದಿಯ ರಸೀದಿ, ಮಳಿಗೆಯ ಆದೇಶ ಸಂಖ್ಯೆ, ಬ್ಯಾಂಕಿನ ಖಾತೆ ವಿವರದಲ್ಲಿ ಕಡಿತವಾದ ಸಾಲು, ಬೆಲೆ ತೋರಿಸಿದ ಪರದೆಯ ಚಿತ್ರ ಹಾಗೂ ಮಳಿಗೆಯೊಂದಿಗೆ ನಡೆಸಿದ ಪತ್ರವ್ಯವಹಾರದ ಪ್ರತಿಗಳನ್ನು ಲಗತ್ತಿಸಬೇಕು. ಪರದೆಯ ಚಿತ್ರವನ್ನು ಖರೀದಿಯ ಸಮಯದಲ್ಲಿಯೇ ತೆಗೆದಿಟ್ಟುಕೊಳ್ಳಬೇಕು, ರಿಯಾಯಿತಿಯ ದರ ಮರುದಿನ ಪುಟದಲ್ಲಿ ಉಳಿದಿರುವುದಿಲ್ಲ. ಒಟಿಪಿ, ಯುಪಿಐ ಗುಪ್ತಸಂಖ್ಯೆ ಅಥವಾ ಕಾರ್ಡಿನ ಹಿಂಬದಿಯ ಮೂರಂಕಿಯ ಸಂಖ್ಯೆಯನ್ನು ದೂರಿನಲ್ಲಿ ಬರೆಯಬಾರದು. ಯಾವ ಕಚೇರಿಯೂ ಅವುಗಳನ್ನು ಕೇಳುವುದಿಲ್ಲ.